ದುಡ್ಡಿರುವ ರೇಸ್ ತಂಡಕ್ಕೂ ಒಂದು ಗುದ್ದು ಯಾಕೆ ಭಾರ?

ಓದುಗರ ಪ್ರಶ್ನೆ: ಫಾರ್ಮುಲಾ ಒನ್ ತಂಡಗಳ ಹತ್ತಿರ ಕೋಟಿಗಟ್ಟಲೆ ದುಡ್ಡಿದೆ. ಕಾರು ಗುದ್ದಿದರೆ ಇನ್ನೊಂದು ಮಾಡಿಸಿಕೊಂಡರಾಯಿತು, ಅಲ್ವಾ? ಇನ್ಶೂರೆನ್ಸ್ ಕೂಡ ಇರಬೇಕಲ್ಲ?

ದುಡ್ಡಿದೆ, ನಿಜ. ಆದರೆ ಬೇಕಾದಷ್ಟು ಖರ್ಚು ಮಾಡೋಕೆ ನಿಯಮ ಬಿಡಲ್ಲ. 2021ರಲ್ಲಿ ತಂಡದ ವರ್ಷದ ಖರ್ಚಿಗೆ ಮಿತಿ ಬಂತು. ಮೊದಲ ವರ್ಷ 14.5 ಕೋಟಿ ಡಾಲರ್, 2023ರ ಹೊತ್ತಿಗೆ 13.5 ಕೋಟಿ. ಡ್ರೈವರ್ ಸಂಬಳ, ಪ್ರಚಾರದ ಖರ್ಚು ಈ ಲೆಕ್ಕದ ಹೊರಗೆ. ಗುದ್ದಿದ ಕಾರಿನ ರಿಪೇರಿ ಮಾತ್ರ ಒಳಗೇ.

ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗೊಬ್ಬರಕ್ಕೆ ಅಂತ ದುಡ್ಡು ಎತ್ತಿಟ್ಟಿರುತ್ತೀರಿ. ಅಷ್ಟರಲ್ಲಿ ಪಂಪ್‌ಸೆಟ್ಟಿನ ಮೋಟರ್ ಸುಟ್ಟುಹೋಗುತ್ತದೆ. ಅದೇ ದುಡ್ಡಲ್ಲಿ ರಿವೈಂಡಿಂಗ್ ಮಾಡಿಸುತ್ತೀರಿ. ನೀರೇನೋ ಬಂತು, ಗೊಬ್ಬರ ಕಡಿಮೆ ಬಿದ್ದದ್ದು ಕೊಯ್ಲಿನ ಹೊತ್ತಿಗೆ ಗೊತ್ತಾಗುತ್ತದೆ. ರೇಸ್ ತಂಡದಲ್ಲೂ ಹಾಗೇ. ರಿಪೇರಿಗೆ ಹೋಗುವುದು ಕಾರಿನ ವೇಗ ಹೆಚ್ಚಿಸುವ ಹೊಸ ಭಾಗಗಳಿಗೆ ಇಟ್ಟ ದುಡ್ಡು. 2021ರ ಜುಲೈನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್ ಕಾರು ಗೋಡೆಗೆ ಬಡಿಯಿತು. ಆ ಒಂದು ಗುದ್ದಿಗೆ 18 ಲಕ್ಷ ಡಾಲರ್ ನಷ್ಟ ಎಂದು ತಂಡದ ಆಗಿನ ಮುಖ್ಯಸ್ಥ ಕ್ರಿಸ್ಟಿಯನ್ ಹಾರ್ನರ್ ಹೇಳಿದ್ದರು. ಆಗಿನ ಲೆಕ್ಕದಲ್ಲಿ ಸುಮಾರು 13 ಕೋಟಿ ರೂಪಾಯಿ!

ಅಷ್ಟೊಂದು ಯಾಕೆ? ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಟಿಂಕರಿಂಗ್ ಕೆಲಸವನ್ನು ನಾನು ಎಷ್ಟೋ ಹೊತ್ತು ನಿಂತು ನೋಡಿದ್ದೇನೆ. ನೆಗ್ಗಿದ ಬಾಗಿಲಿಗೆ ಒಳಗಿನಿಂದ ಮೆಲ್ಲಗೆ ಸುತ್ತಿಗೆ ಬಡಿಯುತ್ತಾರೆ. ಹೊರಗಿನಿಂದ ಅಂಗೈ ಸವರಿ ನೋಡುತ್ತಾರೆ. ಮತ್ತೆ ಎರಡು ಏಟು. ತಗಡು ಮಾತು ಕೇಳುತ್ತದೆ. ರೇಸ್ ಕಾರಿನ ಕಾರ್ಬನ್ ಫೈಬರ್ ಕೇಳಲ್ಲ. ಬಟ್ಟೆಯಂಥ ತೆಳು ಪದರಗಳನ್ನು ಒಂದರ ಮೇಲೊಂದು ಹಾಸಿ, ಒತ್ತಡದಲ್ಲಿ ಬೇಯಿಸಿ ಮಾಡಿದ ವಸ್ತು ಅದು. ನೆಗ್ಗುವುದಿಲ್ಲ, ಚೂರಾಗುತ್ತದೆ. ಹೊರಗೆ ಚೆನ್ನಾಗೇ ಕಂಡರೂ ಒಳಗೆ ಪದರ ಬಿಟ್ಟಿರಬಹುದು. ಹಾಗಾಗಿ ಗುದ್ದಿದ ಚಾಸಿಯನ್ನು, ಅಂದರೆ ಕಾರಿನ ಮುಖ್ಯ ಚೌಕಟ್ಟನ್ನು, ಸ್ಕ್ಯಾನ್ ಮಾಡದೆ ಮತ್ತೆ ಓಡಿಸುವ ಹಾಗಿಲ್ಲ.

ಸ್ಪೇರ್ ಇಲ್ಲದಿದ್ದರಂತೂ ಮುಗಿಯಿತು. 2024ರಲ್ಲಿ ಮೆಲ್ಬರ್ನ್‌ನಲ್ಲಿ ವಿಲಿಯಮ್ಸ್ ತಂಡದ ಅಲೆಕ್ಸ್ ಆಲ್ಬನ್ ಪ್ರಾಕ್ಟೀಸಿನಲ್ಲೇ ಗುದ್ದಿಕೊಂಡರು. ತಂಡದ ಹತ್ತಿರ ಇನ್ನೊಂದು ಚಾಸಿ ಇರಲಿಲ್ಲ. ಕೊನೆಗೆ ತಂಡದವರು ತಮ್ಮ ಇನ್ನೊಬ್ಬ ಡ್ರೈವರ್ ಲೋಗನ್ ಸಾರ್ಜೆಂಟ್ ಅವರ ಕಾರನ್ನು ಆಲ್ಬನ್‌ಗೆ ಕೊಟ್ಟರು. ಏನೂ ತಪ್ಪು ಮಾಡದ ಹುಡುಗ ರೇಸ್ ದಿನ ಸುಮ್ನೆ ಕೂರಬೇಕಾಯಿತು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಬೇಜಾರು.

ಇನ್ನು ಇನ್ಶೂರೆನ್ಸ್. ನಿಮ್ಮದೇ ಕಾರಿನ ಪಾಲಿಸಿ ತೆಗೆದು ಓದಿ. ರೇಸು, ವೇಗದ ಪರೀಕ್ಷೆಗೆ ಬಳಸಿದರೆ ಅನ್ವಯಿಸಲ್ಲ ಎಂದು ಬರೆದಿರುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗೆ ಸ್ವಂತ ದುಡ್ಡು ಹಾಕಿ ಬರುವವರಿಗೆ ಇದು ಜಾಸ್ತಿ ತಟ್ಟುತ್ತದೆ. ತಿರುವಿನಲ್ಲಿ ಕೆಮ್ಮಣ್ಣು ಜಾರಿ ಸಿಲ್ವರ್ ಓಕ್ ಮರಕ್ಕೆ ಗುದ್ದಿದರೆ ಪೂರ್ತಿ ಕೈಯಿಂದಲೇ ಹಾಕಬೇಕು. ಅಂಥವರು ಮುಂದಿನ ರ‍್ಯಾಲಿಯಲ್ಲಿ ಕಾಣದಿದ್ದರೆ, ಎಷ್ಟೋ ಸಲ ಎಂಟ್ರಿ ಫೀಸಿನ ದುಡ್ಡು ಗೇರ್‌ಬಾಕ್ಸಿಗೆ ಹೋಗಿರುತ್ತದೆ.