ವಿನ್ಯೆಟ್: ಆರ್ ಪ್ಯಾಕೇಜಿನ ಜೊತೆಗೇ ಬರುವ ಪಾಠ

ಸಂಶೋಧನೆಗಾಗಿ ಆರ್ (ಡೇಟಾ ವಿಶ್ಲೇಷಣೆಯ ಪ್ರೋಗ್ರಾಮಿಂಗ್ ಭಾಷೆ) ಕಲಿಯಲು ಹೊರಟವರು ಮೊದಲು ಹುಡುಕುವುದು ವಿಡಿಯೋ, ಕೋರ್ಸುಗಳನ್ನು. ಆದರೆ ಒಳ್ಳೆಯ ಪಾಠಗಳು ಅವರ ಕಂಪ್ಯೂಟರಿನಲ್ಲೇ ಇರುತ್ತವೆ. ಅವುಗಳ ಹೆಸರು ವಿನ್ಯೆಟ್. ಪ್ಯಾಕೇಜ್ ಅಂದರೆ ಆರ್‌ಗೆ ಸೇರಿಸಿಕೊಳ್ಳುವ ಸಿದ್ಧ ಫಂಕ್ಷನ್‌ಗಳ, ಅಂದರೆ ಕಮಾಂಡುಗಳ, ಕಟ್ಟು. ಒಂದು ಪ್ಯಾಕೇಜನ್ನು ಹೇಗೆ ಬಳಸಬೇಕು ಅಂತ ಅದನ್ನು ತಯಾರಿಸಿದವರೇ ಬರೆದಿಟ್ಟ ಉದ್ದನೆಯ ವಿವರಣೆ ಇದು. ಸಾಮಾನ್ಯವಾಗಿ ಪ್ಯಾಕೇಜ್ ಇನ್‌ಸ್ಟಾಲ್ ಆದಾಗ ಇದೂ ಬಂದಿರುತ್ತದೆ. ಹಾಗಾಗಿ ನಿಮ್ಮಲ್ಲಿರುವ ಆವೃತ್ತಿಗೆ ಹೊಂದುವ ಪಾಠವೇ ನಿಮಗೆ ಸಿಗುತ್ತದೆ.

ಹೆಲ್ಪ್ ಪುಟ ಬೇರೆ, ವಿನ್ಯೆಟ್ ಬೇರೆ. ಫಂಕ್ಷನ್ ಹೆಸರಿಗೆ ಮೊದಲು ಪ್ರಶ್ನೆ ಚಿಹ್ನೆ ಹಾಕಿದರೆ ತೆರೆಯುವ ಹೆಲ್ಪ್ ಪುಟ ಆ ಒಂದು ಫಂಕ್ಷನ್ ಬಗ್ಗೆ ಮಾತ್ರ ಹೇಳುತ್ತದೆ. ವಿನ್ಯೆಟ್ ಒಂದು ಡೇಟಾ ಎತ್ತಿಕೊಂಡು, ಯಾವುದಾದ ಮೇಲೆ ಯಾವುದು ಅಂತ ಮಾಡಿ ತೋರಿಸುತ್ತದೆ. ಎಲ್‌ಎಂಇ4 ಪ್ಯಾಕೇಜಿನ ವಿನ್ಯೆಟ್‌ನಲ್ಲಿ ನಿದ್ದೆಗೆಟ್ಟ 18 ಜನರ ಪ್ರತಿಕ್ರಿಯೆಯ ವೇಗದ ಡೇಟಾ ಇದೆ. ಒಬ್ಬರನ್ನೇ ಹಲವು ಸಲ ಅಳೆದಂಥ ಡೇಟಾಗೆ ಬಳಸುವ ಮಿಶ್ರ ಮಾದರಿಗಳನ್ನು (ಮಿಕ್ಸೆಡ್ ಮಾಡೆಲ್) ಅದರ ಮೇಲೇ ವಿವರಿಸಿದ್ದಾರೆ.

ನನಗೆ ಇವು ಇಷ್ಟವಾಗುವುದು ಕೋಡಿನ ಜೊತೆ ಯೋಚನೆಯನ್ನೂ ಕಲಿಸುತ್ತವೆ ಅನ್ನುವ ಕಾರಣಕ್ಕೆ. ಎಷ್ಟು ದಿನ ಬದುಕಿದರು ಎಂಬಂಥ ಲೆಕ್ಕಕ್ಕೆ ಬಳಸುವ ಸರ್ವೈವಲ್ ಪ್ಯಾಕೇಜಿನ 'ಟೈಮ್‌ಡೆಪ್' ವಿನ್ಯೆಟ್ ನೋಡಿ. ಮುಂದೆ ಆಗಲಿರುವುದನ್ನು ಈಗಲೇ ಲೆಕ್ಕಕ್ಕೆ ತರಬಾರದು ಎಂದು ಅದು ಎಚ್ಚರಿಸುತ್ತದೆ. ಕ್ಯಾನ್ಸರ್ ರೋಗಿಗಳನ್ನು ಚಿಕಿತ್ಸೆಗೆ ಸ್ಪಂದಿಸಿದವರು, ಸ್ಪಂದಿಸದವರು ಎಂದು ಮೊದಲ ದಿನದಿಂದಲೇ ಎರಡು ಗುಂಪು ಮಾಡಿದಿರಿ ಅಂದುಕೊಳ್ಳಿ. ಸ್ಪಂದಿಸಿದ್ದು ಗೊತ್ತಾಗಬೇಕಾದರೆ ಅಲ್ಲಿಯವರೆಗೆ ಬದುಕಿರಲೇಬೇಕು, ಅಲ್ವಾ? ಬೇಗ ತೀರಿಕೊಂಡವರೆಲ್ಲ ಎರಡನೇ ಗುಂಪಿಗೆ ಬೀಳುತ್ತಾರೆ. ಔಷಧದಿಂದ ಏನೂ ಆಗದಿದ್ದರೂ ಮೊದಲ ಗುಂಪಿನವರು ಜಾಸ್ತಿ ದಿನ ಬದುಕಿದಂತೆ ಕಾಣುತ್ತದೆ. ಕೋಡ್ ಎಲ್ಲೂ ಎರರ್ ಕೊಡುವುದಿಲ್ಲ. ಉತ್ತರ ಮಾತ್ರ ತಪ್ಪು. ಸುಮ್ನೆ ಕಮಾಂಡುಗಳನ್ನು ಸಾಲಾಗಿ ಕೊಡುವ ಪಾಠಗಳಲ್ಲಿ ಇಂಥ ಎಚ್ಚರಿಕೆ ಸಿಗುವುದು ಅಪರೂಪ.

ತೆರೆಯುವುದು ಸುಲಭ. 'ಬ್ರೌಸ್‌ವಿನ್ಯೆಟ್ಸ್' (browseVignettes) ಫಂಕ್ಷನ್ ಓಡಿಸಿದರೆ ನಿಮ್ಮಲ್ಲಿರುವ ಎಲ್ಲ ವಿನ್ಯೆಟ್‌ಗಳ ಪಟ್ಟಿ ಬ್ರೌಸರಿನಲ್ಲಿ ಬರುತ್ತದೆ. ಪ್ಯಾಕೇಜಿನ ಹೆಸರು ಕೊಟ್ಟರೆ ಅದರದ್ದು ಮಾತ್ರ. ಪಾಠದಲ್ಲಿರುವ ಕೋಡನ್ನು ಮೊದಲು ಇದ್ದ ಹಾಗೇ ಓಡಿಸಿ. ಆಮೇಲೆ ಆ ಡೇಟಾ ತೆಗೆದು ನಿಮ್ಮದನ್ನು ಹಾಕಿ. ಎಲ್ಲಿ ಕೆಡುತ್ತದೋ ಅಲ್ಲಿ ನಿಂತು ಹೆಲ್ಪ್ ಪುಟ ನೋಡಿ. ಈಗ ಅದು ಮೊದಲಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಲ ಪ್ಯಾಕೇಜಿಗೂ ವಿನ್ಯೆಟ್ ಇರುವುದಿಲ್ಲ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಿಂದ ಪ್ಯಾಕೇಜ್ ಇಳಿಸಿಕೊಂಡಿದ್ದರೆ, ಇದ್ದದ್ದೂ ಕಾಣದಿರಬಹುದು. ಆಗ ಇನ್‌ಸ್ಟಾಲ್ ಮಾಡುವಾಗಲೇ ವಿನ್ಯೆಟ್ ಬೇಕೆಂದು ಕೇಳಬೇಕು.