33 ಇಜೆಬಿ: ಒಂದೇ ಒಂದು ರ‍್ಯಾಲಿ ಕಾರಿನ ಚರಿತ್ರೆ ಓದುವುದು ಹೇಗೆ

ಮಂಗಳೂರು, ಉಡುಪಿ ಕಡೆ ರ‍್ಯಾಲಿಯ ಹುಚ್ಚು ಇರುವವರು ಕಡಿಮೆಯೇನಿಲ್ಲ. ಆದರೆ ನಾವು ಹೆಚ್ಚಾಗಿ ಡ್ರೈವರ್‌ಗಳ ಗೆಲುವು ಎಣಿಸುತ್ತೇವೆ, ಇಲ್ಲವೇ ಕಂಪನಿಗಳ ಗೆಲುವು. ಒಂದೇ ಒಂದು ಕಾರನ್ನು ಹಿಡಿದು, ಅದು ಎಲ್ಲೆಲ್ಲಿ ಓಡಿತು, ಯಾರು ಓಡಿಸಿದರು, ಯಾಕೆ ಗೆದ್ದಿತು ಅಂತ ಕೇಳುತ್ತಾ ಹೋದರೆ ಕಲಿಯುವುದು ಇನ್ನೂ ಜಾಸ್ತಿ. ಈ ಟಿಪ್ಪಣಿಗೆ ನಾನು ಆರಿಸಿಕೊಂಡದ್ದು 1964ರ ಮೊಂಟೆ ಕಾರ್ಲೊ ರ‍್ಯಾಲಿ ಗೆದ್ದ ಮಿನಿ ಕೂಪರ್ ಎಸ್. ಅದರ ನಂಬರ್ 33 ಇಜೆಬಿ.

ಮೊದಲು 'ವರ್ಕ್ಸ್ ಕಾರು' ಎಂದರೆ ಏನು ಎಂಬುದು ತಿಳಿದಿರಲಿ. ಕಂಪನಿಯೇ ತನ್ನ ಸ್ಪರ್ಧಾ ವಿಭಾಗದಲ್ಲಿ ಸಿದ್ಧಪಡಿಸಿ, ತಾನೇ ಡ್ರೈವರ್ ನೇಮಿಸಿ, ತನ್ನದೇ ಖರ್ಚಿನಲ್ಲಿ ಓಡಿಸುವ ಕಾರು ಅದು. ಮಿನಿ ತಯಾರಿಸುತ್ತಿದ್ದ ಬಿಎಂಸಿ ಕಂಪನಿಯ ಸ್ಪರ್ಧಾ ವಿಭಾಗ ಇದ್ದದ್ದು ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ, ಎಂಜಿ ಕಾರುಗಳ ಕಾರ್ಖಾನೆಯೊಳಗೆ. 1964ರಲ್ಲಿ ಅದರ ಮ್ಯಾನೇಜರ್ ಸ್ಟುವರ್ಟ್ ಟರ್ನರ್.

ನಂಬರ್ ಪ್ಲೇಟ್ ಏನು ಹೇಳುತ್ತದೆ

ಕೆಎ 19 ಕಂಡರೆ ಮಂಗಳೂರು, ಕೆಎ 20 ಕಂಡರೆ ಉಡುಪಿ, ಕೆಎ 21 ಕಂಡರೆ ಪುತ್ತೂರು ಅಂತ ನಮಗೆ ತಕ್ಷಣ ಗೊತ್ತಾಗುತ್ತದೆ ಅಲ್ವಾ? ಆಗಿನ ಬ್ರಿಟನ್ನಿನ ನಂಬರ್‌ಗಳನ್ನೂ ಹಾಗೆಯೇ ಓದಬಹುದು. ಮೂರು ಅಕ್ಷರಗಳಲ್ಲಿ ಕೊನೆಯ ಎರಡು ಊರನ್ನು ಹೇಳುತ್ತವೆ. 'ಜೆಬಿ' ಎಂದರೆ ಬರ್ಕ್‌ಷೈರ್ ಜಿಲ್ಲೆ. ಆಬಿಂಗ್ಡನ್ ಆಗ ಅದೇ ಜಿಲ್ಲೆಗೆ ಸೇರಿತ್ತು. ಬಿಎಲ್, ಎಂಒ, ಆರ್‌ಎಕ್ಸ್ ಕೂಡ ಬರ್ಕ್‌ಷೈರಿನವೇ. ಹಳೆಯ ಫೋಟೊದಲ್ಲಿ ಈ ಅಕ್ಷರಗಳಿರುವ ಮಿನಿ ರ‍್ಯಾಲಿ ಕಾರು ಕಂಡರೆ, ಇದು ಆಬಿಂಗ್ಡನ್ನಿನದೇ ಇರಬಹುದು ಎಂದು ಗುರುತು ಹಾಕಿಕೊಳ್ಳಿ.

ನಂಬರಿನ ಕೊನೆಗೆ ಒಂದು ಒಂಟಿ ಅಕ್ಷರ ಇದ್ದರೆ ಅದು ವರ್ಷ. ಬಿ ಎಂದರೆ 1964, ಸಿ ಎಂದರೆ 1965, ಡಿ ಎಂದರೆ 1966. ನಮ್ಮ 33 ಇಜೆಬಿಗೆ ಆ ಅಕ್ಷರ ಇಲ್ಲ. ಅದು 1963ರ ಕಾರು, ಬರ್ಕ್‌ಷೈರಿನಲ್ಲಿ ಹೊಸ ಪದ್ಧತಿ ಬರುವ ಮುಂಚಿನದು.

ಇಲ್ಲಿ ಒಂದು ಎಚ್ಚರಿಕೆ ಬೇಕು, ಇದನ್ನು ದಯವಿಟ್ಟು ಅಡಿಗೆರೆ ಎಳೆದು ಇಟ್ಟುಕೊಳ್ಳಿ. ಪ್ಲೇಟು ಮತ್ತು ಕಾರು ಯಾವಾಗಲೂ ಒಂದೇ ಅಲ್ಲ. ಒಂದು ರ‍್ಯಾಲಿ ಮುಗಿದರೆ ವರ್ಕ್ಸ್ ಕಾರನ್ನು ಪೂರ್ತಿ ಬಿಚ್ಚುತ್ತಿದ್ದರು. ಎಂಜಿನ್, ಗೇರ್‌ಬಾಕ್ಸ್ ಬದಲಾಗುತ್ತಿತ್ತು. ಬಾಡಿ ಜಜ್ಜಿ ಹೋಗಿದ್ದರೆ ಹೊಸ ಬಾಡಿ ತಂದು, ಹಳೆಯ ನಂಬರನ್ನು ಅದಕ್ಕೇ ಹಾಕುವುದೂ ನಡೆಯುತ್ತಿತ್ತು. ಹೀಗಾಗಿ ಒಂದು ನಂಬರಿನ ಮುಂದೆ ಎಂಟು ರ‍್ಯಾಲಿಗಳ ಪಟ್ಟಿ ಕಂಡರೆ, ಎಂಟರಲ್ಲೂ ಓಡಿದ್ದು ಅದೇ ಲೋಹ ಎಂದು ತಿಳಿಯಬೇಡಿ. ನಿಮ್ಮ ಟಿಪ್ಪಣಿಯಲ್ಲಿ ನಂಬರ್, ಬಾಡಿ, ಎಂಜಿನ್ ಮೂರನ್ನೂ ಬೇರೆ ಬೇರೆ ಬರೆಯಿರಿ.

1963: ಮೊದಲ ಸುದ್ದಿ

33 ಇಜೆಬಿ ಹೆಸರು ಮಾಡಿದ್ದು 1963ರ ಟೂರ್ ಡಿ ಫ್ರಾನ್ಸ್ ಕಾರು ಸ್ಪರ್ಧೆಯಲ್ಲಿ. ಸೈಕಲ್ ರೇಸ್ ಬೇರೆ, ಇದು ಬೇರೆ. ರೇಸ್ ಟ್ರ್ಯಾಕ್‌ಗಳು, ಬೆಟ್ಟದ ರಸ್ತೆಗಳು ಎರಡೂ ಸೇರಿದ ಉದ್ದದ ಪಂದ್ಯ. ಓಡಿಸಿದವರು ಬೆಲ್‌ಫಾಸ್ಟ್‌ನ ಪ್ಯಾಡಿ ಹಾಪ್‌ಕರ್ಕ್, ಪಕ್ಕದಲ್ಲಿ ದಾರಿ ಹೇಳುವ ನ್ಯಾವಿಗೇಟರ್ ಹೆನ್ರಿ ಲಿಡನ್. ಟೂರಿಂಗ್ ಕಾರುಗಳ ವಿಭಾಗ ಗೆದ್ದದ್ದು 3.8 ಲೀಟರ್ ಜಾಗ್ವಾರ್. ಅಂಥ ಕಾರುಗಳ ನಡುವೆ 1071 ಸಿಸಿ ಮಿನಿ ಮೂರನೆಯದಾಗಿ ಬಂತು. ನಾಲ್ಕು ತಿಂಗಳ ನಂತರ ಮೊಂಟೆಯಲ್ಲಿ ಆದದ್ದು ಆಕಸ್ಮಿಕ ಅಲ್ಲ ಎಂಬುದಕ್ಕೆ ಈ ಫಲಿತಾಂಶವೇ ಸಾಕ್ಷಿ.

1964ರ ಜನವರಿ: ಮೊಂಟೆ ಕಾರ್ಲೊ

ಆ ಕಾಲದ ಮೊಂಟೆ ಈಗಿನ ಹಾಗೆ ಒಂದೇ ಕಡೆಯಿಂದ ಹೊರಡುತ್ತಿರಲಿಲ್ಲ. ಯುರೋಪಿನ ಬೇರೆ ಬೇರೆ ಊರುಗಳಿಂದ ಕಾರುಗಳು ಹೊರಟು, ಚಳಿ, ಹಿಮ ದಾಟಿ ಒಂದು ಕಡೆ ಸೇರಬೇಕು. ಆಮೇಲೆ ಎಲ್ಲರಿಗೂ ಒಂದೇ ದಾರಿ, ಬೆಟ್ಟದಲ್ಲಿ ಗಡಿಯಾರ ಹಿಡಿದು ವೇಗ ಅಳೆಯುವ ಸ್ಪೆಷಲ್ ಸ್ಟೇಜ್‌ಗಳು, ಕೊನೆಗೆ ಮೊನಾಕೊದ ಗ್ರ್ಯಾನ್ ಪ್ರಿ ರಸ್ತೆಯಲ್ಲಿ ಓಟ. ಹಾಪ್‌ಕರ್ಕ್ ಹೊರಟದ್ದು ಸೋವಿಯತ್ ಒಕ್ಕೂಟದ ಮಿನ್ಸ್ಕ್‌ನಿಂದ. ಬಾಗಿಲ ಮೇಲಿನ ಸ್ಪರ್ಧಾ ಸಂಖ್ಯೆ 37.

ಕಾರಿನ ಒಳಗುಟ್ಟು ಸ್ವಲ್ಪ ನೋಡೋಣ. ಮಿನಿಯ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಅದರಲ್ಲಿ ಎಂಜಿನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೆ ಇಟ್ಟು, ಮುಂದಿನ ಚಕ್ರಗಳಿಗೆ ಶಕ್ತಿ ಕೊಟ್ಟರು. ಭಾರವೆಲ್ಲ ಎಳೆಯುವ ಚಕ್ರಗಳ ಮೇಲೇ ಬಿತ್ತು. ಹಿಮದ ಮೇಲೆ ಹಿಡಿತ ಸಿಕ್ಕಿದ್ದು ಇದರಿಂದ. ಸ್ಪ್ರಿಂಗ್ ಬದಲು ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಕೋನ್‌ಗಳು. ಚಕ್ರ ಬರೀ 10 ಇಂಚು. ಕೂಪರ್ ಎಸ್‌ಗೆ ಮುಂದೆ ದೊಡ್ಡ ಡಿಸ್ಕ್ ಬ್ರೇಕ್ ಬಂದದ್ದು ಬೆಟ್ಟ ಇಳಿಯುವಾಗ ತುಂಬಾ ಉಪಕಾರಕ್ಕೆ ಬಂತು.

ಈಗ ಪರೀಕ್ಷೆಗೆ ಬರುವಂಥ ವಿಷಯ. ಗಡಿಯಾರದ ಸಮಯ ಮಾತ್ರ ನೋಡಿದರೆ ಆ ವರ್ಷ ವೇಗವಾಗಿ ಓಡಿದ್ದು ಮಿನಿ ಅಲ್ಲ, ಬೋ ಯುಂಗ್‌ಫೆಲ್ಟ್ ಓಡಿಸಿದ ಫೋರ್ಡ್ ಫಾಲ್ಕನ್. ವಿ8 ಎಂಜಿನ್, 4 ಲೀಟರಿಗಿಂತ ದೊಡ್ಡದು. ಆದರೆ ಆಗ ಹ್ಯಾಂಡಿಕ್ಯಾಪ್ ಲೆಕ್ಕ ಇತ್ತು. ಎಂಜಿನ್ ಗಾತ್ರ ಮತ್ತು ಕಾರಿನ ವರ್ಗ ನೋಡಿ ಫಲಿತಾಂಶವನ್ನು ಸರಿದೂಗಿಸುತ್ತಿದ್ದರು. ಆ ಲೆಕ್ಕ ಮುಗಿದಾಗ ಹಾಪ್‌ಕರ್ಕ್ ಮೊದಲು, ಯುಂಗ್‌ಫೆಲ್ಟ್ ಎರಡನೆಯವರು, ಸಾಬ್ ಕಾರಿನ ಎರಿಕ್ ಕಾರ್ಲ್‌ಸನ್ ಮೂರನೆಯವರು.

'ಹಾಗಾದರೆ ಸುಮ್ನೆ ಲೆಕ್ಕದ ಪುಣ್ಯದಿಂದ ಗೆದ್ದದ್ದು' ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಿಕ್ಕ ಎಂಜಿನ್ ಇದ್ದರೆ ಸಾಕು ಎಂದಾದರೆ 841 ಸಿಸಿಯ ಸಾಬ್ ಗೆಲ್ಲಬೇಕಿತ್ತು. ಕಾರ್ಲ್‌ಸನ್ ಸಾಮಾನ್ಯ ಡ್ರೈವರ್ ಅಲ್ಲ, ಅದಕ್ಕೆ ಹಿಂದಿನ ಎರಡೂ ಮೊಂಟೆ ಗೆದ್ದವರು. ಇನ್ನೊಂದು ಆಧಾರವೂ ಇದೆ. ಅದೇ ರ‍್ಯಾಲಿಯಲ್ಲಿ ಬಿಎಂಸಿಯ ಬೇರೆ ಮಿನಿಗಳೂ ಇದ್ದವು. ಟಿಮೊ ಮಾಕಿನೆನ್ ನಾಲ್ಕನೆಯವರಾದರು, ರೌನೊ ಆಲ್ಟೊನೆನ್ ಏಳನೆಯವರಾದರು. ಇಬ್ಬರೂ ಮಹಾ ವೇಗದ ಫಿನ್ಲೆಂಡ್ ಡ್ರೈವರ್‌ಗಳು, ಅದೇ ತಂಡ. ಅವರನ್ನೂ ಹಿಂದೆ ಹಾಕಿದ್ದು 33 ಇಜೆಬಿಯೊಳಗೆ ಕೂತಿದ್ದ ಇಬ್ಬರ ಕೆಲಸ. ನಿಯಮವಂತೂ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಗೆದ್ದ ಮೇಲೆ ಕಾರನ್ನು ವಿಮಾನದಲ್ಲಿ ಬ್ರಿಟನ್ನಿಗೆ ತಂದು ಲಂಡನ್ ಪಲೇಡಿಯಂ ವೇದಿಕೆಯ ಟಿವಿ ಕಾರ್ಯಕ್ರಮದಲ್ಲಿ ತೋರಿಸಿದರು. ಪ್ರಧಾನಿ ಟೆಲಿಗ್ರಾಂ ಕಳಿಸಿದರು. ಬೀಟಲ್ಸ್ ಸಹಿ ಹಾಕಿದ ಫೋಟೊ ಕಳಿಸಿದರು. 33 ಇಜೆಬಿ ಈಗ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಪಕ್ಕದ ಸೀಟು

ಹೆನ್ರಿ ಲಿಡನ್ ಹೆಸರನ್ನು ಜನ ಬೇಗ ಮರೆಯುತ್ತಾರೆ. ನನಗೆ ಇದು ಬೇಸರದ ವಿಷಯ. ಸಮಯದ ಲೆಕ್ಕ, ದಾರಿ, ಮುಂದಿನ ತಿರುವು ಎಷ್ಟು ಕಡಿದು ಎಂದು ಓದಿ ಹೇಳುವುದು, ಎಲ್ಲ ನ್ಯಾವಿಗೇಟರ್ ಕೆಲಸ. ಲಿಡನ್ 1967ರಲ್ಲಿ ಆಲ್ಟೊನೆನ್ ಜೊತೆ ಕೂತು ಮತ್ತೆ ಮೊಂಟೆ ಗೆದ್ದರು. ಆ ಕಾರು ಎಲ್‌ಬಿಎಲ್ 6ಡಿ, ಗೆಲುವಿನ ಅಂತರ 13 ಸೆಕೆಂಡ್. ನಮ್ಮ ಕಡೆಯವರಿಗೆ ಈ ಕೆಲಸದ ಬೆಲೆ ಗೊತ್ತಿರಬೇಕು. ಭಾರತದ ರ‍್ಯಾಲಿ ಡ್ರೈವರ್ ಗೌರವ್ ಗಿಲ್ ಪಕ್ಕದಲ್ಲಿ ವರ್ಷಗಟ್ಟಲೆ ಕೂತ ಮೂಸಾ ಷರೀಫ್ ಇಲ್ಲೇ ಕಾಸರಗೋಡಿನವರು. ನಿಮ್ಮ ಟಿಪ್ಪಣಿಯಲ್ಲಿ ಡ್ರೈವರ್ ಹೆಸರಿನ ಪಕ್ಕದಲ್ಲೇ ನ್ಯಾವಿಗೇಟರ್ ಹೆಸರನ್ನೂ ತಪ್ಪದೆ ಬರೆಯಿರಿ.

ಅಭ್ಯಾಸಕ್ಕೆ ಮುಂದಿನ ಕಾರು

ಎಜೆಬಿ 44ಬಿ ತೆಗೆದುಕೊಳ್ಳಿ. ನಂಬರ್ ನೋಡಿದರೇ ಬರ್ಕ್‌ಷೈರ್, 1964 ಎಂದು ಗೊತ್ತಾಗುತ್ತದೆ. 1965ರ ಮೊಂಟೆ, ಮಾಕಿನೆನ್ ಮತ್ತು ಪಾಲ್ ಈಸ್ಟರ್, ಹೊರಟದ್ದು ಸ್ಟಾಕ್‌ಹೋಮ್‌ನಿಂದ, ಎಂಜಿನ್ 1275 ಸಿಸಿ. ಆ ವರ್ಷ ಭಾರೀ ಹಿಮಗಾಳಿ. 237 ಕಾರು ಹೊರಟು ಮೊಂಟೆ ತಲುಪಿದ್ದು 35 ಮಾತ್ರ. ದಾರಿಯಲ್ಲಿ ಒಂದೂ ದಂಡದ ಅಂಕ ಇಲ್ಲದೆ ಬಂದದ್ದು ಮಾಕಿನೆನ್ ಒಬ್ಬರೇ. 33 ಇಜೆಬಿಯ ಗೆಲುವನ್ನೂ ಇದನ್ನೂ ಎದುರುಬದುರು ಇಟ್ಟು, ಹ್ಯಾಂಡಿಕ್ಯಾಪ್, ಹವೆ, ಹೊರಟ ಊರು, ಜೊತೆಗಾರ, ಇವುಗಳಲ್ಲಿ ಯಾವುದರ ಪಾಲು ಎಲ್ಲಿ ಹೆಚ್ಚು ಎಂದು ಒಂದು ಪುಟ ಬರೆದು ನೋಡಿ.