ದೋಣಿಯ ‘ಆಫ್‌ಸೆಟ್’: ಮೆನುವಿನದ್ದಲ್ಲ, ಕೋಷ್ಟಕದ್ದು

“ಹಳೇ ದೋಣಿಯ ಆಫ್‌ಸೆಟ್ ಟೇಬಲ್ ಸಿಕ್ಕಿದೆ. ರೈನೋದಲ್ಲಿ ಯಾವ ಗೆರೆಗೆ ಎಷ್ಟು ಆಫ್‌ಸೆಟ್ ಕೊಡಬೇಕು?” ಈ ಪ್ರಶ್ನೆ ಎಷ್ಟನೇ ಸಲ ಕಣ್ಣಿಗೆ ಬಿತ್ತೋ. ಯಾವ ಗೆರೆಗೂ ಕೊಡಬೇಕಾಗಿಲ್ಲ ಮಾರಾಯ್ರೆ. ರೈನೋ ಎಂಬ 3ಡಿ ವಿನ್ಯಾಸದ ಸಾಫ್ಟ್‌ವೇರ್‌ನ ಮೆನುವಿನಲ್ಲಿರುವ ಆಫ್‌ಸೆಟ್ ಒಂದು ಕಮ್ಯಾಂಡ್. ಇರುವ ಗೆರೆಗೆ ಸಮದೂರದಲ್ಲಿ ಇನ್ನೊಂದು ಗೆರೆ ಹಾಕುತ್ತದೆ. ದೋಣಿಯ ಆಕಾರವನ್ನು ಅಂಕಿಗಳಲ್ಲಿ ಬರೆದಿಟ್ಟ ಟೇಬಲ್‌ನ ಆಫ್‌ಸೆಟ್ ಬರೀ ಅಳತೆ. ಅದನ್ನು ಕೂರಿಸುವ ಹೊತ್ತಿಗೆ ಗೆರೆಯೇ ಹುಟ್ಟಿರುವುದಿಲ್ಲ.

ಸಿವಿಲ್ ಡಿಪ್ಲೊಮಾದಲ್ಲಿ ಚೈನ್ ಸರ್ವೆ ಮಾಡಿದವರು ಇಲ್ಲಿ ಎಡವಬಾರದು. ನೆಲದ ಮೇಲೆ ಸರಪಳಿ ಎಳೆದು, ಅದರಿಂದ ಬದಿಯ ಬಾವಿಗೋ ಮರಕ್ಕೋ ಲಂಬವಾಗಿ ಅಳೆದ ದೂರವನ್ನು ಅವರು ಆಫ್‌ಸೆಟ್ ಎಂದೇ ಬರೆದುಕೊಂಡಿರುತ್ತಾರೆ. ದೋಣಿಯಲ್ಲಿ ಸರಪಳಿಯ ಜಾಗಕ್ಕೆ ಮಧ್ಯರೇಖೆ ಬರುತ್ತದೆ. ಅಲ್ಲಿಂದ ಹೊರಮೈಗೆ ಅಡ್ಡಕ್ಕೆ ಎಷ್ಟು, ಬೇಸ್‌ಲೈನಿನಿಂದ (ಎತ್ತರ ಅಳೆಯಲು ಹಿಡಿದ ಆಧಾರರೇಖೆ) ಮೇಲಕ್ಕೆ ಎಷ್ಟು ಎನ್ನುವುದೇ ಕೋಷ್ಟಕದ ತುಂಬ. ಉದ್ದದಲ್ಲಿ ಆ ಬಿಂದು ಎಲ್ಲಿದೆ ಎಂಬುದನ್ನು ಸ್ಟೇಷನ್ (ದೋಣಿಯನ್ನು ಅಡ್ಡಕ್ಕೆ ಸೀಳಿ ಅಳೆದ ಜಾಗ) ಸಂಖ್ಯೆ ಹೇಳುತ್ತದೆ. ಅಡ್ಡಳತೆ ಅರ್ಧ ಅಗಲದ್ದು. ಉಳಿದರ್ಧ ಮಿರರ್ ಮಾಡಿದರಾಯಿತು.

ನಿಜವಾದ ರಗಳೆ ಅಂಕಿ ಓದುವುದರಲ್ಲಿದೆ. ಅಮೆರಿಕದ ಹಳೆಯ ನಕ್ಷೆಗಳಲ್ಲಿ 1-10-6 ಎಂದಿದ್ದರೆ ಅದು 1 ಅಡಿ, 10 ಇಂಚು, ಮೇಲೆ ಇಂಚಿನ ಎಂಟನೇ ಭಾಗಗಳು 6. ಒಟ್ಟು 22.75 ಇಂಚು, ಅಂದರೆ 577.85 ಮಿ.ಮೀ. ಕೊನೆಗೊಂದು ಪ್ಲಸ್ ಚಿಹ್ನೆ ಇದ್ದರೆ ಇನ್ನೊಂದು ಹದಿನಾರನೇ ಭಾಗ ಸೇರಿಸಿಕೊಳ್ಳಬೇಕು. 0-11-7ರ ಪಕ್ಕದಲ್ಲಿ 1-0-2 ಕಂಡಾಗ ದೊಡ್ಡ ನೆಗೆತ ಎನಿಸುತ್ತದೆ. ವ್ಯತ್ಯಾಸ ಬರೀ 3/8 ಇಂಚು. ಇದನ್ನೆಲ್ಲ ನೇರವಾಗಿ ಎಕ್ಸೆಲ್‌ಗೆ ತುಂಬಿದಿರೋ, 1-10-6 ಅನ್ನು ಅದು ತಾರೀಕು ಮಾಡಿ ಕೂರಿಸುತ್ತದೆ. ಸೆಲ್‌ಗಳನ್ನು ಮೊದಲು ಟೆಕ್ಸ್ಟ್ ಮಾಡಿ, ಮೂರು ಅಂಕಿಗಳನ್ನು ಮೂರು ಕಾಲಮ್ಮಿಗೆ ಒಡೆದು, ಆಮೇಲೆ ಲೆಕ್ಕ ಹಾಕಿ. ಅಡಿಯನ್ನು ದಶಮಾಂಶ ಎಂದುಕೊಂಡು ಮಾಡಿದ ಮಾಡೆಲ್ ತೋರಿಸಿ “ಸಾಫ್ಟ್‌ವೇರ್ ಸರಿಯಿಲ್ಲ” ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಇನ್ನೊಂದು ಮಾತು, ‘ಅಳೆದ’ ಆಫ್‌ಸೆಟ್ ಮತ್ತು ‘ವಿನ್ಯಾಸದ’ ಆಫ್‌ಸೆಟ್ ಒಂದೇ ಅಲ್ಲ. ಅಮೆರಿಕದಲ್ಲಿ 1936ರ ಸುಮಾರಿಗೆ, ಕೆಲಸವಿಲ್ಲದ ನಕ್ಷೆಗಾರರನ್ನು ಹಚ್ಚಿ ಸರ್ಕಾರವೇ ಹಳೆಯ ಮರದ ಹಡಗು-ದೋಣಿಗಳನ್ನು ಅಳೆಸಿತ್ತು; ಆ ದಾಖಲೆ ಈಗ ಅಲ್ಲಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಅಂಥ ಮುದಿ ದೋಣಿಗಳ ಮೂತಿ-ಬಾಲ ಜೋತುಬಿದ್ದಿರುತ್ತವೆ, ಎಡ-ಬಲ ತಾಳೆಯಾಗುವುದಿಲ್ಲ, ಟೇಪ್ ಹಿಡಿದವರ ಕೈತಪ್ಪು ಬೇರೆ. ಎಲ್ಲ ಬಿಂದುಗಳ ಮೂಲಕವೂ ಹಾಯುವಂತೆ ಗೆರೆ ಎಳೆದರೆ ಆ ತಪ್ಪೆಲ್ಲ ಅಲೆಅಲೆಯಾಗಿ ಮೈಮೇಲೆ ಮೂಡುತ್ತದೆ. ಬಿಂದುಗಳನ್ನು ಲಾಕ್ ಮಾಡಿದ ಲೇಯರ್‌ನಲ್ಲಿಟ್ಟು, ಕಡಿಮೆ ಕಂಟ್ರೋಲ್ ಪಾಯಿಂಟುಗಳ (ಹಿಡಿದು ಎಳೆದರೆ ಗೆರೆ ಬಾಗುವ ಬಿಂದುಗಳು) ಗೆರೆಯನ್ನು ಅವುಗಳ ಹತ್ತಿರಕ್ಕೆ ಎಳೆದು ತರುವುದೇ ಸರಿ. ಗೆರೆ ಎಲ್ಲೆಲ್ಲಿ ಎಷ್ಟು ಬಾಗಿದೆ ಎಂದು ತೋರಿಸುವ ಕರ್ವೇಚರ್ ಗ್ರಾಫ್ ಹಲ್ಲು ಕಿರಿಯದೆ ನಯವಾಗಿ ಸಾಗಿದರೆ ಸಾಕು; 3 ಮಿ.ಮೀ. ಆಚೀಚೆಯಾದರೆ ಚಿಂತೆಯಿಲ್ಲ.

ಮೆನುವಿನ ಆಫ್‌ಸೆಟ್‌ಗೂ ಒಂದು ಜಾಗವಿದೆ, ಎಲ್ಲ ಮುಗಿದ ಮೇಲೆ. ಅಳೆದದ್ದು ಹಲಗೆಯ ಹೊರಮೈ, ಹಲಗೆಗಳನ್ನು ಬಗ್ಗಿಸಿ ಕೂರಿಸುವ ಅಚ್ಚು ಕೊಯ್ಯಲು ಬೇಕಾದದ್ದು ಒಳಮೈ. ಇಲ್ಲಿ ಕೋಷ್ಟಕದ ಅರ್ಧ ಅಗಲದಿಂದಲೇ ಹಲಗೆಯ ದಪ್ಪ ಕಳೆಯುವ ಚಾಳಿ ಬಹಳ ಜನರಿಗಿದೆ. ದೋಣಿಯ ನಡುವಿನಲ್ಲಿ, ಬದಿ ನೆಟ್ಟಗಿರುವ ಕಡೆ ಅದು ನಡೆದೀತು. ಮೂತಿಯ ಹತ್ತಿರ ಬದಿ ಮಧ್ಯರೇಖೆಗೆ 30 ಡಿಗ್ರಿ ಓರೆಯಾಗಿದ್ದರೆ 20 ಮಿ.ಮೀ. ಹಲಗೆ ಅಡ್ಡಳತೆಯಲ್ಲಿ 23 ಮಿ.ಮೀ. ತಿನ್ನುತ್ತದೆ; ಬದಿ ಹೊರಕ್ಕೆ ವಾಲಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಕಳೆಯಬೇಕಾದದ್ದು ಕೋಷ್ಟಕದಲ್ಲಲ್ಲ. ಸರ್ಫೇಸ್ ಪೂರ್ತಿ ನಯವಾದ ಮೇಲೆ ಅದನ್ನೇ 20 ಮಿ.ಮೀ. ಒಳಕ್ಕೆ ಆಫ್‌ಸೆಟ್ ಮಾಡಿ, ಆ ಒಳಮೈಯಿಂದ ಅಚ್ಚುಗಳನ್ನು ತೆಗೆಯಿರಿ. ಅದಕ್ಕೂ ಮುಂಚೆ ಕೋಷ್ಟಕದ ಅಡಿಟಿಪ್ಪಣಿ ನೋಡಿ: ಅಳತೆ ಒಳಮೈಗೇ ಕೊಟ್ಟದ್ದು ಎಂದು ಬರೆದಿದ್ದರೆ ಈ ಕೆಲಸವೂ ಇಲ್ಲ.